ಮತ್ತೆ ಕೇಳದ ಪೈಲಟ್

ವಿಮಾನ ನಿಲ್ದಾಣದ ನಿಯಂತ್ರಣ ಗೋಪುರದಲ್ಲಿ ಅವಳಿಗೆ ಟೀಚರಮ್ಮ ಎಂಬ ಅಡ್ಡಹೆಸರು. ರೇಡಿಯೋದಲ್ಲಿ ದಾರಿ ಹೇಳಿ ವಿಮಾನ ಇಳಿಸುವುದರಲ್ಲಿ ಎಷ್ಟು ಚುರುಕೋ, ಪೈಲಟ್‌ಗಳ ಮಾನ ಕಳೆಯುವುದರಲ್ಲೂ ಅಷ್ಟೇ ಚುರುಕು. ಪುಣ್ಯಾತ್ಗಿತ್ತಿಗೆ ಇಷ್ಟು ದಿನ ಅದೊಂದು ಹೆಮ್ಮೆಯೇ ಆಗಿತ್ತು.

ಅಪಘಾತದ ಮೊದಲ ವರದಿ ಬಂದ ದಿನ ಗಂಡ ತಾನೇ ಅಡುಗೆ ಮಾಡಿ ಬಡಿಸಿದ. "ನಿಂದೇನೂ ತಪ್ಪಿಲ್ಲ ಅಂತ ಬರೆದಾಯ್ತಲ್ಲ, ಇನ್ನಾದ್ರೂ ಸರಿಯಾಗಿ ಊಟ ಮಾಡೇ" ಎಂದ. ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು.

ವರದಿಯಲ್ಲಿ ಸುಳ್ಳೇನೂ ಇರಲಿಲ್ಲ. ಎರಡನೆಯ ತಿರುವಿನಲ್ಲಿ ಹೊರಳಿ ನಿಲ್ಲು ಎಂದು ಅವಳು ಹೇಳಿದ್ದಳು. ಸರಕು ವಿಮಾನದ ಹೊಸ ಪೈಲಟ್ ಅದನ್ನೇ ತಿರುಗಿ ಒಪ್ಪಿಸಿದ್ದ. ಆಮೇಲೆ ಮಂಜಿನಲ್ಲಿ ದಾರಿ ತಪ್ಪಿತು. ಎಲ್ಲಿದ್ದೇನೆಂದು ಕೇಳಬೇಕಿತ್ತು, ಕೇಳಲಿಲ್ಲ. ನೇರ ರನ್‌ವೇಗೆ ನುಗ್ಗಿದ. ಇಳಿಯುತ್ತಿದ್ದ ವಿಮಾನದ ರೆಕ್ಕೆ ಬಡಿದು ಅವನ ಸಹಪೈಲಟ್ ಎರಡೂ ಕಾಲು ಕಳೆದುಕೊಂಡಳು. ಇವನ ಲೈಸೆನ್ಸ್ ಇಂದೋ ನಾಳೆಯೋ ಹೋಗುವುದರಲ್ಲಿತ್ತು.

ಅವನೇಕೆ ಕೇಳಲಿಲ್ಲ ಎಂದು ವರದಿಯವರಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಅದಕ್ಕೂ ಎಂಟು ದಿನ ಮೊದಲು ಅದೇ ತಿರುವಿನಲ್ಲಿ ಅವನು ಕೇಳಿದ್ದ. ಗೋಪುರದ ಮಾತುಗಳ ರೆಕಾರ್ಡಿಂಗ್ ಮೂವತ್ತು ದಿನವಾದ ಮೇಲೆ ಅಳಿಸಿಹೋಗುತ್ತದೆ. ಆ ದಿನದ್ದು ನಾಳೆ ಅಳಿಸಿಹೋಗಲಿತ್ತು. ಬಾಯಿ ಮುಚ್ಚಿಕೊಂಡು ಒಂದು ದಿನ ಕಳೆದರೆ ಸಾಕಿತ್ತು.

ಎದ್ದು ಕೈ ತೊಳೆದವಳೇ ಗೋಪುರದ ರೆಕಾರ್ಡಿಂಗ್ ಕೋಣೆಗೆ ಹೋದಳು. ಅಲ್ಲಿನ ಹಿರಿಯ ನೌಕರ ತಾರೀಖು ನೋಡಿ ಹುಬ್ಬೇರಿಸಿದ. "ಅಪಘಾತ ಆಗಿದ್ದು ಈ ದಿನ ಅಲ್ವಲ್ಲಮ್ಮ?"

"ಇದನ್ನ ಅಳಿಸ್ಬೇಡಿ ಅಣ್ಣ. ವಿಚಾರಣೆಯವರಿಗೆ ಕೊಡ್ಬೇಕು. ಬೇಕಿದ್ರೆ ಕೇಳಿ ನೋಡಿ."

ಅವನು ಹಾಕಿದ. ಮೊದಲು ಪೈಲಟ್‌ನ ಅಳುಕಿನ ದನಿ: "ಮೇಡಂ, ನಾನೀಗ ಇರೋದು ಯಾವ ತಿರುವು?"

ಆಮೇಲೆ ಅವಳದೇ ದನಿ, ಎಲ್ಲ ವಿಮಾನಗಳಿಗೂ ಕೇಳುವಂತೆ: "ಕೈಯಲ್ಲಿರೋ ನಕ್ಷೆ ಏನು, ಗಾಳಿ ಬೀಸ್ಕೊಳ್ಳೋಕಾ? ನಾನೇ ಇಳಿದು ಬಂದು ಕೈ ಹಿಡ್ಕೊಂಡು ದಾಟಿಸ್ಲಾ?"

ರೆಕಾರ್ಡಿಂಗ್‌ನಲ್ಲಿ ಬೇರೆ ಪೈಲಟ್ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರು ನಕ್ಕರು. ಅವಳಿಗೆ ನಾಚಿಕೆಯಿಂದ ಮೈಯೆಲ್ಲ ಬೆಂಕಿ ಹತ್ತಿದಂತಾಯಿತು. ಕೊನೆಗೆ ಮತ್ತೆ ಅವನು:

"ತಪ್ಪಾಯ್ತು ಮೇಡಂ. ಇನ್ಮೇಲೆ ಕೇಳಲ್ಲ."

ಪಾಪ, ಆಡಿದ ಮಾತಿನಂತೆಯೇ ನಡೆದುಕೊಂಡಿದ್ದ. ಹಿರಿಯ ನೌಕರ ಅವಳ ಮುಖ ನೋಡದೆ ಒಂದು ಅರ್ಜಿ ಮುಂದೆ ತಳ್ಳಿದ. ಯಾರ ತಪ್ಪಿನ ಬಗ್ಗೆ ಎಂಬ ಸಾಲಿನಲ್ಲಿ ಅವಳು ತನ್ನ ಹೆಸರು ಬರೆದಳು.