ಮೂರನೆಯ ಕರೆ

"ಒಂಬತ್ತು ಸಾವಿರದ ನೂರಾ ಹನ್ನೆರಡು," ಎಂದು ಗುಮಾಸ್ತ ಹಾಳೆಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಪೇಪರ್‌ವೇಟನ್ನೂ ಇಟ್ಟ. ಫ್ಯಾನ್ ನಿಂತಿತ್ತು. ಹಾಳೆ ಹಾರಿಹೋಗುವ ಭಯವೇನೂ ಇರಲಿಲ್ಲ. ಲಾಯರಮ್ಮನ ಮುಖ ನೋಡುವುದನ್ನು ತಪ್ಪಿಸಿಕೊಳ್ಳಲು ಅವನಿಗೆ ಕೈಗೊಂದು ಕೆಲಸ ಬೇಕಿತ್ತು, ಅಷ್ಟೇ.

ಪರಿಹಾರ ಮಂಜೂರಾದವರ ಆ ಅಂಕಿಯನ್ನು ಅವಳು ಎರಡು ಸಲ ಓದಿದಳು. ಮೂರು ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಕಿವಿಯ ಮೆಷಿನ್ನುಗಳ ಬೆಲೆಯನ್ನು ಹತ್ತು ವರ್ಷ ಒಂದೇ ಸಮ ಏರಿಸಿದ್ದವು. ಕೊಂಡು ಮೋಸಹೋದವರು ಒಂದು ಲಕ್ಷದ ಎಂಬತ್ತು ಸಾವಿರ ಜನ. ಅಷ್ಟೂ ಜನರ ಪರವಾಗಿ ಅವಳು ಹೂಡಿದ್ದು ಒಂದೇ ದಾವೆ. ಅದು ಹನ್ನೊಂದು ವರ್ಷ ನಡೆಯಿತು. ಆ ಹೊತ್ತಿಗೆ ಅವಳ ತಲೆ ಪೂರ್ತಿ ನರೆತಿತ್ತು, ಬೇರೆ ಕಕ್ಷಿದಾರರೆಲ್ಲ ಕೈಬಿಟ್ಟಿದ್ದರು. ಕಡೆಗೆ ಕಂಪನಿಗಳು ರಾಜಿಗೆ ಬಂದವು. ಆರು ತಿಂಗಳೊಳಗೆ ಅರ್ಜಿ ಹಾಕಿ ಪರಿಶೀಲನೆ ಮುಗಿಸಿಕೊಂಡವರಿಗೆ ಪರಿಹಾರ, ಮಿಕ್ಕಿದ್ದು ಕಂಪನಿಗಳಿಗೇ ವಾಪಸ್ಸು. ಆ ಆರು ತಿಂಗಳು ಇವತ್ತು ಸಂಜೆ ಐದಕ್ಕೆ ಮುಗಿಯುತ್ತಿತ್ತು. ಈಗ ಎರಡೂಕಾಲು.

"ಅರ್ಜಿ ಬಂದಿದ್ದು ಎಪ್ಪತ್ತು ಸಾವಿರ ಅಲ್ವೇನಪ್ಪಾ?"

"ಅರವತ್ತೊಂದು ಸಾವಿರ ತಳ್ಳಿಹಾಕಿದ್ದು, ಮೇಡಂ. ಫೋನಿಗೆ ಉತ್ತರವಿಲ್ಲ ಅಂತ."

ಜನರ ಹಣೆಬರಹವೇ ಇಷ್ಟು ಎಂದುಕೊಂಡಳು ಲಾಯರಮ್ಮ. ಬಾಯಿಗೆ ತುತ್ತು ತಂದಿಟ್ಟರೂ ಅಗಿಯುವುದಕ್ಕೆ ಸೋಮಾರಿತನ. ಬಂದ ಫೋನಿಗೆ ಉತ್ತರ ಕೊಡಲಿಕ್ಕೂ ಆಗದಿದ್ದರೆ ಯಾರು ಏನು ಮಾಡಲಾದೀತು? ಗೋಡೆಯ ಆಚೆ ಹಾಲಿನಲ್ಲಿ ಎಂಟು ಜನ ಹುಡುಗಿಯರು ಕೊನೆಯ ಪಟ್ಟಿ ಹಿಡಿದು ಇನ್ನೂ ಕರೆ ಮಾಡುತ್ತಲೇ ಇದ್ದರು. ಆರು ತಿಂಗಳಿಂದ ಆ ಗುಜುಗುಜು ಅವಳಿಗೆ ಹಿತವಾಗಿತ್ತು, ಒಲೆಯ ಮೇಲೆ ಏನೋ ಬೇಯುತ್ತಿದೆ ಎಂಬ ಸಮಾಧಾನದ ಹಾಗೆ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮೇಸ್ತ್ರಿ ಬಂದ.

ದಾವೆಯ ಮೊದಲ ಹೆಸರು ಅವನದೇ. ಲಕ್ಷ ಜನರೂ ನ್ಯಾಯಾಲಯಕ್ಕೆ ಬರುವುದು ಸಾಧ್ಯವಿಲ್ಲವಾದ್ದರಿಂದ ಎಲ್ಲರ ಪರವಾಗಿ ಒಬ್ಬ ನಿಲ್ಲಬೇಕಿತ್ತು. ಹಡಗು ಕಟ್ಟುವ ಅಂಗಳದಲ್ಲಿ ಮೂವತ್ತು ವರ್ಷ ಸುತ್ತಿಗೆಯ ಸದ್ದಿನ ಪಕ್ಕ ನಿಂತಿದ್ದ ಈ ಮನುಷ್ಯ ನಿಂತ. ಅವಳು ಮೊದಲ ಸಲ ಅವನ ಹೇಳಿಕೆ ಬರೆದುಕೊಂಡ ದಿನ ಅವನು ಅಂದದ್ದು ಅವಳಿಗಿನ್ನೂ ನೆನಪಿತ್ತು: "ಕಿವಿ ಒಂದು ಕಂಪನಿಗೆ ಕೊಟ್ಟೆ, ಕಿವಿ ಮೆಷಿನ್ನು ಇನ್ನೊಂದು ಕಂಪನಿಯಿಂದ ತಗೊಂಡೆ. ಮಧ್ಯದಲ್ಲಿರೋ ತಲೆ ಮಾತ್ರ ನಂದು ಲಾಯರಮ್ಮ." ಅದಾದ ಮೇಲೆ ಅವನನ್ನು ಅವಳು ನೋಡಿದ್ದು ನಾಲ್ಕೈದು ಸಲವೂ ಇರಲಾರದು. ಆಮೇಲಿನ ಕೆಲಸವೆಲ್ಲ ಬೆಲೆಪಟ್ಟಿಗಳದು, ಅರ್ಥಶಾಸ್ತ್ರಜ್ಞರದು, ಸಂತೆಯಷ್ಟು ಕಾಗದದ್ದು.

ಅವನು ಕುರ್ಚಿ ಎಳೆದುಕೊಂಡು ಅವಳಿಗೆ ಸರಿಯಾಗಿ ಎದುರು ಕೂತ. ಹೀಗೆ ಕೂತರೆ ಬಾಯಿ ನೋಡಿಕೊಂಡೇ ಅರ್ಧ ಮಾತು ತಿಳಿಯುತ್ತಿತ್ತು. ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದ. ತಿರಸ್ಕಾರದ ಪತ್ರ. ಅರ್ಜಿದಾರರು ಮೂರು ಕರೆಗಳಿಗೂ ಸ್ಪಂದಿಸಿಲ್ಲ ಎಂದು ಅಚ್ಚಾಗಿತ್ತು.

"ನಿಮಗೇ ಬಂತಾ?" ಎಂದಳು ಅವಳು. ನಗುವೇ ಬಂದುಬಿಟ್ಟಿತು. "ಫೋನ್ ಯಾಕೆ ಎತ್ತಲಿಲ್ಲ ನೀವು?"

"ಎತ್ತದೆ ಏನು? ಸೊಸೆ ಎತ್ತಿದ್ಲು. ಅರ್ಜಿ ಹಾಕಿದವರೇ ಮಾತಾಡಬೇಕು, ಮನೆಯವರು ಮಾತಾಡೋ ಹಾಗಿಲ್ಲ ಅಂದ್ರಂತೆ. ನನ್ನ ಕೈಗೆ ಕೊಟ್ಲು. ಫೋನನ್ನ ಕಿವಿ ಹತ್ರ ತಂದ್ರೆ ಈ ಮೆಷಿನ್ನು ಕುಯ್ಯೋ ಅಂತ ಶಿಳ್ಳೆ ಹೊಡೆಯುತ್ತೆ. ತೆಗೆದಿಟ್ರೆ ಏನೂ ಕೇಳಲ್ಲ. ನಾನೂ ಹಲೋ ಹಲೋ ಅಂದೆ. ಮೂರು ಸಲಾನೂ ಅಷ್ಟೇ ಆಗಿದ್ದು."

ಲಾಯರಮ್ಮನ ನಗು ಮುಖದ ಮೇಲೇ ಉಳಿದುಕೊಂಡಿತು, ಇಳಿಸುವುದು ಮರೆತುಹೋದ ಹಾಗೆ.

ಅವನು ಮಾತು ನಿಲ್ಲಿಸಲಿಲ್ಲ. ತನ್ನ ದುಡ್ಡಿನ ಮಾತು ಬೇಡವೇ ಬೇಡ ಎಂದ. ಬೀದಿಯಲ್ಲಿ ಹನ್ನೊಂದು ಜನರಿಂದ ಅರ್ಜಿ ಹಾಕಿಸಿದ್ದನಂತೆ, ಮನೆಮನೆಗೆ ಹೋಗಿ, ನಮ್ಮ ಲಾಯರಮ್ಮ ಎಂಥವರು ಗೊತ್ತೇನ್ರೋ ಎಂದು ಜಂಬ ಕೊಚ್ಚಿಕೊಂಡು. ಹನ್ನೊಂದು ಮನೆಗೂ ಇದೇ ಪತ್ರ ಬಂದಿತ್ತು. ಈಗ ಕಟ್ಟೆಯ ಮೇಲೆ ಕೂತವರು ಅವನನ್ನು ಕಂಡರೆ ಕೈಯನ್ನು ಕಿವಿಗಿಟ್ಟು ಹಲೋ ಎನ್ನುತ್ತಿದ್ದರು.

"ಅದನ್ನ ಸರಿ ಮಾಡ್ಸಿ ಸಾಕು," ಎಂದ. "ಐದು ಗಂಟೆವರೆಗೂ ಟೈಮಿದೆ ಅಂದ್ರು. ಕೂತಿರ್ತೀನಿ."

ರಾಜಿಪತ್ರದ ಪ್ರತಿ ಕಪಾಟಿನಲ್ಲಿ ಕಣ್ಣೆತ್ತರದಲ್ಲೇ ಇತ್ತು, ಚರ್ಮದ ರಟ್ಟು ಹಾಕಿಸಿದ್ದು. ನಲವತ್ತೊಂದನೆಯ ಪುಟ ತೆಗೆಯುವ ಮೊದಲೇ ಅವಳಿಗೆ ಗೊತ್ತಿತ್ತು. ಅರ್ಜಿದಾರನು ಖುದ್ದಾಗಿ ದೂರವಾಣಿಯಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರಿಸತಕ್ಕದ್ದು. ಅಂಚಿನಲ್ಲಿ ಅವಳದೇ ರುಜು.

ಆ ಶರತ್ತು ಸೇರಿದ್ದು ಹದಿನೆಂಟನೆಯ ಕರಡಿನ ದಿನ. ಸುಳ್ಳು ಅರ್ಜಿಗಳು ಬರುತ್ತವೆ, ಪ್ರತಿಯೊಬ್ಬನೂ ಪ್ರಮಾಣಪತ್ರ ಹಿಡಿದು ಇಲ್ಲಿಗೇ ಬರಬೇಕು ಎಂದು ಎದುರು ಪಕ್ಷದ ವಕೀಲ ಹಟ ಹಿಡಿದಿದ್ದ. ಅವಳು ಮೇಜು ಗುದ್ದಿದ್ದಳು. ಎಂಬತ್ತು ವರ್ಷದವರನ್ನು ಮೆಟ್ಟಿಲು ಹತ್ತಿಸುತ್ತೀರಾ, ಅವರು ಮನೆಯಲ್ಲೇ ಕೂತಿರಲಿ, ನಮ್ಮ ಆಫೀಸಿನಿಂದಲೇ ಒಂದು ಫೋನ್ ಮಾಡಿ ಕೇಳಿಕೊಳ್ಳುತ್ತೇವೆ ಎಂದಿದ್ದಳು. ಅವನು ಒಂದು ಕ್ಷಣ ಅವಳನ್ನೇ ನೋಡಿ, ಆಗಲಿ ಮೇಡಂ, ಎಂದು ಬರೆದುಕೊಂಡಿದ್ದ. ಆ ಗೆಲುವಿನ ಖುಷಿಗೆ ಅವತ್ತು ಅವಳು ಮನೆಗೆ ನಡೆದುಕೊಂಡೇ ಹೋಗಿದ್ದಳು. ಆಮೇಲೆ ಎರಡು ಕಡೆ ಅವಳನ್ನು ಭಾಷಣಕ್ಕೂ ಕರೆದಿದ್ದರು. ವೃದ್ಧರಿಗೆ ಅನುಕೂಲವಾದ ಮಾದರಿ ರಾಜಿ ಎಂಬುದೇ ವಿಷಯ.

"ನಮ್ಮ ಹುಡುಗಿಯರು ಮೊದಲನೇ ತಿಂಗಳೇ ಹೇಳಿದ್ರು ಮೇಡಂ, ಆ ಕಡೆಯವರು ಬರೀ ಹಲೋ ಅಂತಾರೆ ಅಂತ," ಎಂದ ಗುಮಾಸ್ತ ತಗ್ಗಿದ ದನಿಯಲ್ಲಿ. "ನಿಮಗೆ ಬರೆದು ಕಳ್ಸಿದ್ದೆ. ನೀವು ಭಾಷಣಕ್ಕೆ ಹೋಗಿದ್ರಿ."

ಆ ಚೀಟಿಯನ್ನು ಅವಳು ಓದಿದ್ದಳು. ಪದೇಪದೇ ಮಾಡಿ, ಬಿಡಬೇಡಿ ಎಂದು ಅದರ ಮೇಲೇ ಬರೆದು ಹಿಂತಿರುಗಿಸಿದ್ದಳು.

ನ್ಯಾಯಾಲಯ ಮೊಹರು ಒತ್ತಿದ ರಾಜಿಯಲ್ಲಿ ಒಂದು ಅಕ್ಷರ ತಿದ್ದಬೇಕಾದರೂ ಎದುರು ಪಕ್ಷದ ಒಪ್ಪಿಗೆ ಬೇಕು. ಅವಳು ಫೋನ್ ಮಾಡಿದಳು. ಆ ವಕೀಲ ಪೂರ್ತಿ ಕೇಳಿಸಿಕೊಂಡ, ನಡುವೆ ಬಾಯಿ ಹಾಕಲಿಲ್ಲ.

"ಆ ಶರತ್ತು ನಿಮ್ಮದೇ ಅಲ್ವಾ ಮೇಡಂ," ಎಂದ ಕಡೆಗೆ.

"ಹೀಗಾಗುತ್ತೆ ಅಂತ ನಿಮಗೆ ಅವತ್ತೇ ಗೊತ್ತಿತ್ತಾ?"

"ನಮ್ಮ ತಂದೆಯವರೂ ಮೆಷಿನ್ ಹಾಕ್ಕೋತಿದ್ರು. ಫೋನ್ ಬಂದ್ರೆ ನನ್ನ ಕೈಗೆ ಕೊಡ್ತಿದ್ರು."

"ಮತ್ತೆ ಒಂದು ಮಾತು ಹೇಳಬಾರದಿತ್ತಾ?"

"ನಾನು ಯಾರ ವಕೀಲ ಅಂತ ನಿಮಗೂ ಗೊತ್ತು. ನೀವು ಯಾರ ವಕೀಲರು ಅಂತ ನಾನು ಹೇಳ್ಬೇಕಿತ್ತಾ?" ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತೇನೋ. ಕಂಪನಿಯವರನ್ನು ಕೇಳಿ ನೋಡುತ್ತೇನೆ ಎಂದು ಅವನು ಫೋನ್ ಇಟ್ಟ.

ನಾಲ್ಕೂ ಹತ್ತರವರೆಗೆ ಅವಳು ಕೂತ ಕಡೆಯೇ ಕೂತಿದ್ದಳು. ಗುಮಾಸ್ತ ತಂದಿಟ್ಟು ಹೋದ ಚಹಾ ಕೆನೆಗಟ್ಟಿತು. ಮೇಸ್ತ್ರಿ ಮಾತ್ರ ತನ್ನ ಚಹಾ ಕುಡಿದು, ಕಪಾಟಿನ ಕಡತಗಳನ್ನು ಬೆರಳಲ್ಲಿ ಎಣಿಸುತ್ತಿದ್ದ. ಇಷ್ಟೆಲ್ಲ ಬರೆದವರಿಗೆ ಒಂದು ಫೋನಿನ ವಿಚಾರ ಯಾವ ಲೆಕ್ಕ ಎಂಬ ಧೈರ್ಯ ಅವನ ಮುಖದಲ್ಲಿತ್ತು. ಅವಳಿಗೆ ಆ ಮುಖ ನೋಡಲಾಗಲಿಲ್ಲ.

ಫೋನ್ ಬಂತು. ಕಂಪನಿಯವರು ಒಪ್ಪಲಿಲ್ಲ. ಕ್ಷಮಿಸಿ ಮೇಡಂ ಎಂದ ಆ ವಕೀಲ. ಅದನ್ನು ಮನಸ್ಸಿನಿಂದಲೇ ಹೇಳಿದ ಹಾಗಿತ್ತು.

"ಆಯ್ತಾ ಲಾಯರಮ್ಮ?"

ಅವಳು ಹೇಳಿದಳು. ಇನ್ನು ಏನೂ ಮಾಡಲಾಗುವುದಿಲ್ಲ, ತಪ್ಪು ನನ್ನದೇ ಎಂದಳು. ಮೇಸ್ತ್ರಿ ಕಣ್ಣು ಕಿರಿದು ಮಾಡಿ ಮುಂದಕ್ಕೆ ಬಾಗಿದ.

"ಕೈ ತೆಗೀರಮ್ಮ. ಬಾಯಿ ಕಾಣಿಸ್ತಿಲ್ಲ."

ತನ್ನ ಕೈ ಬಾಯಿಗೆ ಅಡ್ಡವಾಗಿದ್ದದ್ದು ಅವಳಿಗೇ ತಿಳಿದಿರಲಿಲ್ಲ. ಕೈ ತೆಗೆದು, ಒಂದೊಂದೇ ಮಾತಾಗಿ ಮತ್ತೊಮ್ಮೆ ಅಷ್ಟನ್ನೂ ಹೇಳಿದಳು. ಅವನು ಅವಳ ತುಟಿಗಳನ್ನು ಕೊನೆಯವರೆಗೂ ಓದಿದ. ಓದಿ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನೋಡುತ್ತಿದ್ದ, ಇನ್ನೇನಾದರೂ ಇದ್ದೀತೇನೋ ಎಂದು.

"ಬೀದಿಯವರಿಗೆ ಏನು ಹೇಳ್ಲಿ?" ಎಂದ.

ಅವಳು ರಾಜಿಪತ್ರವನ್ನು ಮುಚ್ಚಿದಳು. ಅವನು ಪತ್ರವನ್ನು ಹಳೆಯ ಮಡಿಕೆಗಳಲ್ಲೇ ಮತ್ತೆ ಮಡಿಸಿ ಜೇಬಿಗಿಟ್ಟುಕೊಂಡ. ಇನ್ನು ಕೇಳುವುದೇನೂ ಇರಲಿಲ್ಲವಾದ್ದರಿಂದ ಬ್ಯಾಟರಿ ಸುಮ್ಮನೆ ಖರ್ಚಾಗುವುದು ಬೇಡವೆಂದೋ ಏನೋ, ಕಿವಿಯಿಂದ ಮೆಷಿನ್ನನ್ನು ಕಿತ್ತು, ಅಂಗಿಯ ತುದಿಯಲ್ಲಿ ಒರೆಸಿ, ಅಂಗೈಯಲ್ಲಿ ಮುಚ್ಚಿಕೊಂಡ. ಆರಿಸುವುದು ಮರೆತಿದ್ದ.

ಗೋಡೆಯ ಆಚೆ ಒಬ್ಬ ಹುಡುಗಿ, ಹಲೋ, ಕೇಳಿಸ್ತಾ ಇದೆಯಾ, ಎನ್ನುತ್ತಿದ್ದಳು. ಇನ್ನೊಬ್ಬಳು, ಹಲೋ, ಹಲೋ, ಎನ್ನುತ್ತಿದ್ದಳು. ಈಚೆ ಮೇಸ್ತ್ರಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಅವನ ಮುಷ್ಟಿಯೊಳಗೆ ಮೆಷಿನ್ನು ಸಣ್ಣಗೆ, ಬಿಡದೆ ಶಿಳ್ಳೆ ಹೊಡೆಯುತ್ತಿತ್ತು. ಅದು ಕೇಳುತ್ತಿದ್ದದ್ದು ಅವಳೊಬ್ಬಳಿಗೇ.