ಉಗ್ರಾಣದಲ್ಲಿ ದೀಪ ಇರಲಿಲ್ಲ

ಮನೆಗೆ ಒಂದೇ ಕಾರ್ಡು, ಅದೂ ಯಜಮಾನನ ಹೆಸರಿಗೆ. ಪುತ್ತೂರು ಪೇಟೆಯ ವಾಚನಾಲಯದ ನಿಯಮ ಅದು. ಕೆದಂಬಾಡಿಯ ಶಂಕರಿಗೆ ಈ ನಿಯಮದ ಮೇಲೆ ಇದ್ದಷ್ಟು ಸಿಟ್ಟು ತಾನು ಬಿಟ್ಟುಬಂದ ಗಂಡನ ಮೇಲೂ ಇರಲಿಲ್ಲ. ಮಕ್ಕಳಾಗಲಿಲ್ಲವೆಂದು ಅವನು ಇನ್ನೊಂದು ಮದುವೆ ಮಾಡಿಕೊಂಡಿದ್ದ. ಕಾನೂನು ಅದನ್ನು ತಡೆಯದಿದ್ದ ಕಾಲ. ಆ ಮದುವೆಯ ಮರುದಿನ ಬೆಳಿಗ್ಗೆ ಇವಳು ಟ್ರಂಕು ಎತ್ತಿಕೊಂಡು ಅಪ್ಪನ ಮನೆಗೆ ನಡೆದುಬಿಟ್ಟಿದ್ದಳು. ಅದಾಗಿ ಎಷ್ಟೋ ವರ್ಷವಾಯಿತು, ಈಗ ಅರುವತ್ತೊಂದನೆಯ ಇಸವಿ. ಆ ಗಂಡನ ಮುಖ ಕೂಡ ಸರಿಯಾಗಿ ನೆನಪಿಗೆ ಬರುತ್ತಿರಲಿಲ್ಲ. ಬೇಕಾದ ಪುಸ್ತಕ ಸಿಗದ ಸಂಕಟ ಮಾತ್ರ ದಿನಾ ಹೊಸದಾಗಿ ಇರುತ್ತಿತ್ತು.

ಅಪ್ಪ ಇರುವಷ್ಟು ಕಾಲ ತೊಂದರೆ ಇರಲಿಲ್ಲ. ಮಗಳು ಹೇಳಿದ ಪುಸ್ತಕವನ್ನು ಹುಡುಕಿಯೇ ತರುವವರು, ಬಸ್ಸು ತಪ್ಪಿದರೂ ಚಿಂತೆಯಿಲ್ಲ. ಅಪ್ಪ ತೀರಿಕೊಂಡ ಮೇಲೆ ಕಾರ್ಡು ತಮ್ಮ ತಿರುಮಲೇಶ್ವರನ ಹೆಸರಿಗೆ ಹೋಯಿತು. ತಮ್ಮ ಒಳ್ಳೆಯವನೇ, ಅಕ್ಕನೆಂದರೆ ಜೀವ. ಆದರೆ ಪುಸ್ತಕ ಕಂಡರೆ ಅವನಿಗೆ ಆಕಳಿಕೆ. ವಾಚನಾಲಯ ನೋಡಿಕೊಳ್ಳುವ ಡೊಂಬಯ್ಯ ಯಾವುದನ್ನು ಕೈಗೆ ಕೊಟ್ಟರೆ ಅದನ್ನು ಚೀಲಕ್ಕೆ ತುರುಕಿಕೊಂಡು ಬರುವವನು. ಹಾಗಾಗಿ ಒಂದು ಇಡೀ ಮಳೆಗಾಲ ಶಂಕರಿ ಗೊಬ್ಬರದ ಬಗ್ಗೆ ಓದಿದಳು. ಅದನ್ನು ಹಿಂದೆ ಕೊಟ್ಟು ಅವನು ತಂದದ್ದು ಅದೇ ಪುಸ್ತಕದ ಇನ್ನೊಂದು ಪ್ರತಿ.

"ಎರಡೂ ಒಂದೇ ಅಲ್ಲವೋ ಮಾರಾಯ?" ಎಂದು ಶಂಕರಿ ಕೇಳಿದರೆ, "ಇದರ ರಟ್ಟು ಗಟ್ಟಿ ಉಂಟು ಅಕ್ಕ," ಎಂದ.

ಅವಳ ಓದು ಬಾಯಿ ಮುಚ್ಚಿಕೊಂಡು ಓದುವ ಜಾತಿಯದ್ದಲ್ಲ. ಗಟ್ಟಿಯಾಗಿ ಓದುವುದು, ನಡುನಡುವೆ ಬರೆದವರಿಗೆ ಉತ್ತರ ಕೊಡುವುದು. ಅಡುಗೆಮನೆಯಿಂದ "ಛೀ, ಹಾಗಲ್ಲ!" ಎಂದು ಕೂಗು ಕೇಳಿದರೆ ಬೆಕ್ಕು ಬಂದದ್ದಲ್ಲ, ಶಂಕರಿಗೆ ಯಾವುದೋ ಕಥೆ ಹಿಡಿಸಲಿಲ್ಲ ಎಂದು ಮನೆಯವರಿಗೆ ಗೊತ್ತು. ಅಂಥವಳಿಗೆ ಗೊಬ್ಬರದ ಪುಸ್ತಕದ ಜೊತೆ ಎಷ್ಟು ದಿನ ಜಗಳ ಮಾಡಲಿಕ್ಕಾದೀತು? ಒಂದು ದಿನ ತಮ್ಮನ ಜೊತೆ ತಾನೇ ಬಸ್ಸು ಹತ್ತಿ ಹೋಗಿ, ತನ್ನ ಹೆಸರಿಗೆ ಬೇರೆ ಕಾರ್ಡು ಬೇಕೆಂದು ಕೇಳಿದಳು.

ವಾಚನಾಲಯದ ಅಧ್ಯಕ್ಷರು ವಕೀಲ ರಾಧಾಕೃಷ್ಣಯ್ಯ. ಹಗಲು ಕೋರ್ಟು, ಬಿಡುವಾದರೆ ತಾಳಮದ್ದಳೆ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿ ನಿಲ್ಲಿಸಿದರೆ, ಕುಳಿತಲ್ಲಿಂದಲೇ ಒಬ್ಬರು ಕೃಷ್ಣ, ಒಬ್ಬರು ಕರ್ಣ ಆಗಿ ಮಾತಿಗೆ ಮಾತು ಕೊಡಬೇಕು. ರಾಧಾಕೃಷ್ಣಯ್ಯ ಆ ಮಾತುಗಾರಿಕೆಯಲ್ಲಿ ಹೆಸರು ಮಾಡಿದವರು, ಎದುರಿನವರು ಬೆವರುವ ತನಕ ಬಿಡುವವರಲ್ಲ. ಇತ್ತೀಚೆಗೆ ಕಥೆ ಬರೆಯುವ ಹುಚ್ಚೂ ಹಿಡಿದು ಒಂದು ಸಂಕಲನ ಅಚ್ಚಾಗಿತ್ತು. ಊರಲ್ಲಿ ಎಲ್ಲರೂ ಅದನ್ನು ಹೊಗಳಿದ್ದರು. ಓದಿದವರು ಮಾತ್ರ ಅಷ್ಟಾಗಿ ಇರಲಿಲ್ಲ.

"ಹೆಂಗಸರಿಗೆ ಬೇರೆ ಕಾರ್ಡೆಂದರೆ ಕಮಿಟಿ ಒಪ್ಪಬೇಕು," ಎಂದರು ವಕೀಲರು. "ಒಂದು ಕೆಲಸ ಮಾಡಿ ಶಂಕರಿಯಮ್ಮ. ಬರುವ ತಿಂಗಳು ಓದುಗರ ಕೂಟ ಉಂಟು. ಹೊಸದಾಗಿ ಬಂದ ಮೂರು ಪುಸ್ತಕ ಕೊಡುತ್ತೇನೆ. ಒಂದು ಮಾಯಾಲೋಕದ ಕಾದಂಬರಿ, ಒಂದು ಕವನ, ಇನ್ನೊಂದು ನನ್ನದೇ ಕಥೆಗಳು. ಓದಿ, ನಾಲ್ಕು ಒಳ್ಳೆಯ ಮಾತು ಹೇಳಿ. ನೀವು ಎಂಥ ಓದುಗರೆಂದು ಕಮಿಟಿಯವರು ಕಂಡ ಹಾಗೂ ಆಯಿತು."

ಪುಸ್ತಕ ಮೂರನ್ನೂ ಎದೆಗೆ ಅಪ್ಪಿಕೊಂಡು ಶಂಕರಿ ಬಸ್ಸು ಹತ್ತಿದಳು. ಆ ತಿಂಗಳಿಡೀ ಮನೆಯಲ್ಲಿ ಹಾಲು ಉಕ್ಕಿತು, ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಕೂಟದ ದಿನ ಬಸ್ಸಿನಲ್ಲಿ ತಿರುಮಲೇಶ್ವರ ದಾರಿಯುದ್ದಕ್ಕೂ ಬೇಡಿಕೊಂಡ. "ಅಕ್ಕ, ಚಂದ ಉಂಟು ಎಂದು ಹೇಳಿ ಕೂತುಬಿಡು. ಒಂದು ಮಾತಿಗೆ ಕಾರ್ಡು ಸಿಗ್ತದೆ. ಎಂತ ನಷ್ಟ ನಿನಗೆ?"

"ಚಂದ ಇದ್ದರೆ ಹೇಳುದಕ್ಕೆ ನನಗೆಂತ ಕಷ್ಟ?" ಎಂದಳು ಶಂಕರಿ. ತಮ್ಮ ಅಲ್ಲಿಂದಲೇ ಊರ ದೇವರಿಗೆ ಹರಕೆ ಹೇಳತೊಡಗಿದ.

ವಾಚನಾಲಯದ ಬೆಂಚುಗಳೆಲ್ಲ ತುಂಬಿದ್ದವು. ಕಮಿಟಿಯ ಪರವಾಗಿ ಐವರ್ನಾಡಿನ ವೆಂಕಪ್ಪ ಗೌಡರು ಮುಂದೆ ಕುಳಿತಿದ್ದರು. ಅವರು ದೊಡ್ಡ ಕೃಷಿಕರು, ವಕೀಲರ ಎಷ್ಟೋ ತಾಳಮದ್ದಳೆಗಳಿಗೆ ಮದ್ದಳೆ ಬಾರಿಸಿದವರು. ಹೆಂಗಸೆಂದು ಇದ್ದದ್ದು ಶಂಕರಿ ಒಬ್ಬಳೇ. ಅವಳು ಎದ್ದು ನಿಂತು ಸೆರಗು ಬಿಗಿದುಕೊಂಡಳು.

ಮೊದಲು ಮಾಯಾಲೋಕದ ಕಾದಂಬರಿ. ಏಳು ಕಡಲಿನಾಚೆ ಒಂದು ಊರು, ಅಲ್ಲಿ ಮದುವೆಯಾದ ದಿನ ಹೆಂಗಸರಿಗೆ ರೆಕ್ಕೆ ಮೂಡುತ್ತದೆ, ಹಾಗಾಗಿ ಯಾವ ಮನೆಗೂ ಛಾವಣಿ ಹೊದಿಸುವುದಿಲ್ಲ. "ಇದು ಮಕ್ಕಳ ಪುಸ್ತಕ ಎಂದು ಹೇಳ್ತಾರಂತೆ. ಹೇಳಲಿ. ನನಗೆ ಊಟ ನಿದ್ದೆ ಬೇಡವಾಯಿತು, ಅಷ್ಟು ಇಷ್ಟವಾಯಿತು. ಆದರೆ ಕೊನೆಯ ಪುಟ ಒಪ್ಪಲಿಕ್ಕೆ ಆಗುದಿಲ್ಲ. ಇದೆಲ್ಲ ರಾಜಕುಮಾರನ ಕನಸಂತೆ! ಅಷ್ಟು ದೂರ ಹಾರಿಸಿಕೊಂಡು ಹೋದವರು ಹಾಸಿಗೆಗೆ ತಂದು ಬಿಸಾಡುದೆ? ಆ ಪುಟ ನನ್ನ ಲೆಕ್ಕದಲ್ಲಿ ಇಲ್ಲ. ಆ ಹೆಂಗಸರು ಈಗಲೂ ಹಾರುತ್ತಾ ಇದ್ದಾರೆ." ಬೆಂಚುಗಳಲ್ಲಿ ನಗು ಎದ್ದಿತು. ತಿರುಮಲೇಶ್ವರನಿಗೆ ಸ್ವಲ್ಪ ಉಸಿರು ಬಂತು.

ಆಮೇಲೆ ಕವನ. "ಪ್ರಾಸ ಇಲ್ಲ, ಅರ್ಧ ನನಗೆ ಅರ್ಥವೂ ಆಗಲಿಲ್ಲ. ಅದಕ್ಕೆ ನಾಚಿಕೆ ನನಗೆ ಇಲ್ಲ, ಕವಿಗೆ ಬೇಕಾದರೆ ಇರಲಿ. ಆದರೆ ಅಮ್ಮನ ಕೈಯ ಇಂಗಿನ ವಾಸನೆಯ ಮೇಲೆ ಒಂದು ಪದ್ಯ ಉಂಟು. ಅದನ್ನು ಓದಿ ನಾನು ಅತ್ತೆ. ಮತ್ತೆ ಓದಿದೆ, ಮತ್ತೆ ಅತ್ತೆ. ಇದೇ ಕವಿ ಇನ್ನೊಂದು ಕಡೆ ಹಸಿವನ್ನು ಹೂವು ಎನ್ನುತ್ತಾನೆ. ಅವನಿಗೆ ಹೊತ್ತುಹೊತ್ತಿಗೆ ಬಡಿಸುವವರು ಇದ್ದಾರೆ, ಅಷ್ಟು ಖಂಡಿತ."

ಈ ಸಲ ವಕೀಲರೂ ನಕ್ಕರು, ಮೇಜು ತಟ್ಟಿದರು. ಕುರ್ಚಿಯಲ್ಲಿ ಸರಿಯಾಗಿ ಕುಳಿತು ಶಲ್ಯ ಎಳೆದುಕೊಂಡರು. ಇನ್ನು ತಮ್ಮ ಸರದಿ.

ಸಂಕಲನದ ಮೊದಲ ಕಥೆ ಎಲ್ಲರೂ ಹೊಗಳಿದ್ದು. ಮಕ್ಕಳಿಲ್ಲದ ಹೆಂಡತಿ ತಾನೇ ಮುಂದೆ ನಿಂತು ಗಂಡನಿಗೆ ಎರಡನೆಯ ಮದುವೆ ಮಾಡಿಸುತ್ತಾಳೆ. ತಾನೇ ರಂಗೋಲಿ ಹಾಕುತ್ತಾಳೆ, ತಾನೇ ಪಾಯಸ ಬಡಿಸುತ್ತಾಳೆ. ಕೊನೆಗೆ ಉಗ್ರಾಣದಲ್ಲಿ, ಹುಲ್ಲು ಸುತ್ತಿ ಕಟ್ಟಿದ ಅಕ್ಕಿ ಮುಡಿ, ತೆಂಗಿನಕಾಯಿಗಳ ನಡುವೆ ಚಾಪೆ ಹಾಸಿ ಮಲಗುತ್ತಾಳೆ, ತುಟಿಯ ಮೇಲೆ ತೃಪ್ತಿಯ ನಗು ಮೂಡುತ್ತದೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಬರೆಯುವಾಗ ತಮಗೇ ಕಣ್ಣೀರು ಬಂತೆಂದು ವಕೀಲರು ಎಲ್ಲರೊಡನೆ ಹೇಳಿದ್ದರು.

"ಕನ್ನಡ ಚಂದ ಉಂಟು," ಎಂದಳು ಶಂಕರಿ. ತಮ್ಮ ಕಣ್ಣು ಮುಚ್ಚಿ ದೇವರಿಗೆ ಕೈ ಮುಗಿದ. "ಆದರೆ ಆ ಹೆಂಗಸಿಗೆ ಹೆಸರಿಲ್ಲ, ಸಾಧ್ವಿ ಎಂದಷ್ಟೇ. ಕಥೆಯಿಡೀ ಅವಳ ಬಾಯಲ್ಲಿ ಒಂದು ಮಾತಿಲ್ಲ. ಅದು ಯಾಕೆ?"

ವಕೀಲರು ಮುಗುಳ್ನಕ್ಕರು. ಇಂಥ ಪ್ರಶ್ನೆಗೆ ಉತ್ತರ ಅವರ ಕಿಸೆಯಲ್ಲೇ ಇತ್ತು. "ಅವಳ ಮೌನವೇ ಅವಳ ಮಾತು, ಶಂಕರಿಯಮ್ಮ."

ಚಪ್ಪಾಳೆ ಬಿತ್ತು. ಶಂಕರಿಗೆ ತಲೆಗೆ ರಕ್ತ ಏರಿತು. ಈ ಚಪ್ಪಾಳೆಯ ಮೇಲೆಯೇ ಕುಳಿತುಬಿಟ್ಟರೆ ಕಾರ್ಡು ಸಿಗುತ್ತದೆ, ಅದು ಅವಳಿಗೆ ಚೆನ್ನಾಗಿ ಗೊತ್ತು. ಅವಳು ಕುಳಿತಳು, ಆದರೆ ತನ್ನ ಜಾಗದಲ್ಲಲ್ಲ. ಖಾಲಿ ಇದ್ದ ಒಂದು ಕುರ್ಚಿಯನ್ನು ಎಳೆದು ವಕೀಲರಿಗೆ ಎದುರಾಗಿ ಹಾಕಿ, ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಸಣ್ಣಂದಿನಿಂದ ಬಾಗಿಲ ಸಂದಿಯಲ್ಲಿ ನಿಂತು ಎಷ್ಟು ತಾಳಮದ್ದಳೆ ಕೇಳಿದ್ದಾಳೋ ಏನೋ, ಸ್ವರ ತಾನಾಗಿ ಬದಲಾಯಿತು.

"ನಾಥಾ! ತಮ್ಮ ಮದುವೆಗೆ ರಂಗೋಲಿ ಇಟ್ಟ ಕೈ ಇದು. ಇಷ್ಟು ಕಾಲ ಮಾತಾಡದ ನಾನು ಇಂದು ಒಂದು ಮಾತು ಕೇಳಬಹುದೇ?"

ಇಲ್ಲಿ ವಕೀಲರು ನಕ್ಕು ತೇಲಿಸಿಬಿಡಬಹುದಿತ್ತು. ಆದರೆ ಒಂದು ಆಯುಷ್ಯದ ಅಭ್ಯಾಸ! ಎದುರಿನಿಂದ ಪಾತ್ರವೊಂದು ಮಾತು ಹಾಕಿದರೆ ಬಾಯಿ ಮುಚ್ಚಿ ಕೂರುವ ಗಂಡಸು ಆ ಸೀಮೆಯಲ್ಲಿ ಹುಟ್ಟಿಲ್ಲ. ಅವರ ಎದೆ ಉಬ್ಬಿತು, ಬಲಗೈ ಮೇಲೆದ್ದಿತು.

"ಕೇಳು, ಸಾಧ್ವೀ! ಸಂಕೋಚವೇಕೆ?"

ವೆಂಕಪ್ಪ ಗೌಡರ ಬೆರಳು ತಮಗೆ ಗೊತ್ತಿಲ್ಲದೆಯೇ ತೊಡೆಯ ಮೇಲೆ ತಾಳ ಹಾಕಿತು.

"ನಾನು ತೃಪ್ತಿಯಿಂದ ನಕ್ಕೆನೆಂದು ಲೋಕಕ್ಕೆಲ್ಲ ಸಾರಿದ್ದೀರಿ. ಆ ನಗುವನ್ನು ಕಂಡವರು ಯಾರು?"

"ಮತ್ತಾರು? ನಿನ್ನ ಕೈ ಹಿಡಿದ ನಾನೇ ಕಂಡೆ. ಉಗ್ರಾಣದಲ್ಲಿ ನೀನು ಚಾಪೆಯ ಮೇಲೆ ಒರಗಿದ್ದಾಗ ನಿನ್ನ ಮೊಗ ಹುಣ್ಣಿಮೆಯಂತೆ ಬೆಳಗುತ್ತಿತ್ತು!"

"ಉಗ್ರಾಣದಲ್ಲಿ ದೀಪ ಇರಲಿಲ್ಲ. ಮನೆಯ ದೀಪಗಳನ್ನೆಲ್ಲ ಚಪ್ಪರಕ್ಕೆ ತರಿಸಿದವರು ತಾವೇ."

ಹೌದು, ಕಥೆಯಲ್ಲಿ ಹಾಗೆಯೇ ಇತ್ತು. ವಕೀಲರು ಶಲ್ಯ ಸರಿಪಡಿಸಿಕೊಂಡರು. "ಕಿಟಕಿಯಿಂದ ಬೆಳದಿಂಗಳು ಬಿದ್ದಿತ್ತು."

"ಉಗ್ರಾಣಕ್ಕೆ ಕಿಟಕಿ ಇಟ್ಟ ಮನೆಯನ್ನು ತಾವು ಯಾವ ದೇಶದಲ್ಲಿ ಕಂಡಿರಿ, ನಾಥಾ?"

ಬೆಂಚುಗಳು ಕಿಲಕಿಲ ಎಂದವು. ಶಂಕರಿ ನಗಲಿಲ್ಲ. "ಇರಲಿ, ಕಿಟಕಿಯೂ ಇತ್ತು ಎನ್ನೋಣ. ಆ ಹೊತ್ತಿಗೆ ತಾವು ಹೊಸ ಹೆಂಡತಿಯ ಕೋಣೆಯಲ್ಲಿ ಇದ್ದವರು. ಅವಳನ್ನು ಬಿಟ್ಟು ನನ್ನ ಮುಖ ನೋಡಲು ಎದ್ದು ಬಂದಿರೋ? ಬಂದಿದ್ದರೆ ಆ ಹುಡುಗಿಗೆ ಎಂತ ಉತ್ತರ ಕೊಟ್ಟಿರಿ? ಬರಲಿಲ್ಲವೆಂದಾದರೆ, ಕಾಣದ್ದನ್ನು ಕಂಡೆ ಎಂದು ಸುಳ್ಳು ಹೇಳಿದ್ದು ಯಾಕೆ?"

ಅತ್ತ ಹೋದರೂ ಸಿಕ್ಕಿಬೀಳುವುದು, ಇತ್ತ ಹೋದರೂ ಸಿಕ್ಕಿಬೀಳುವುದು. ವಕೀಲರ ಹಣೆಯಲ್ಲಿ ಬೆವರು ಮೂಡಿತು. ಕೊನೆಗೆ ಮೇಜಿಗೆ ಗುದ್ದಿ, "ನಾನು ಕಥೆಗಾರ! ಕಥೆ ಬರೆದವನಿಗೆ ಎಲ್ಲ ಕಾಣುತ್ತದೆ!" ಎಂದು ಕೂಗಿದರು.

ಸಭೆ ತಣ್ಣಗಾಯಿತು. ತಾಳಮದ್ದಳೆಯಲ್ಲಿ ಸೋಲಬಹುದು, ತಪ್ಪಬಹುದು. ಮಾತು ಸಿಗಲಿಲ್ಲವೆಂದು ನಡುವೆ ಪಾತ್ರದಿಂದ ಹೊರಗೆ ಹಾರುವುದು ಮಾತ್ರ ಎಳೆಯರೂ ಮಾಡದ ಕೆಲಸ.

"ಪಾತ್ರ ಬಿಟ್ಟಿರಲ್ಲ ವಕೀಲರೇ," ಎಂದರು ವೆಂಕಪ್ಪ ಗೌಡರು. ಅವರ ಸ್ವರದಲ್ಲಿ ನಿಜವಾದ ದುಃಖವಿತ್ತು.

ಶಂಕರಿ ಎದ್ದು ನಿಂತಳು. ಈಗ ಅವಳ ಸ್ವರ ಅವಳದ್ದೇ. "ಇಲ್ಲಿ ಇರುವವರಿಗೆಲ್ಲ ನನ್ನ ಸಂಗತಿ ಗೊತ್ತುಂಟು. ಸ್ವಂತ ಸಿಟ್ಟಿಗೆ ಮಾತಾಡಿದಳು ಎಂದು ನಾಳೆ ಹೇಳ್ತೀರಿ. ಹೌದು, ಸ್ವಂತದ್ದೇ. ನಾನು ಅಂಥ ಉಗ್ರಾಣದಲ್ಲಿ ಮಲಗಿದವಳು. ನಗು ಬರಲಿಲ್ಲ, ಅಳುವೂ ಬರಲಿಲ್ಲ. ಹಸಿವಾಗಿತ್ತು. ಎಲ್ಲರಿಗೂ ಬಡಿಸಿದ್ದೆ, ನೀನು ಉಂಡೆಯಾ ಎಂದು ಒಬ್ಬರೂ ಕೇಳಿರಲಿಲ್ಲ. ಕತ್ತಲಲ್ಲಿ ತಡಕಾಡಿದರೆ ಬಾಳೆಗೊನೆ ಸಿಕ್ಕಿತು, ಮರುದಿನದ ನೆಂಟರಿಗೆ ಇಟ್ಟದ್ದು. ಹೊಟ್ಟೆ ತುಂಬ ತಿಂದೆ. ತಿನ್ನುವಾಗಲೇ ಬೆಳಿಗ್ಗೆ ಹೋಗುದೆಂದು ನಿಶ್ಚಯ ಮಾಡಿದೆ. ವಕೀಲರೇ, ಆ ಹೆಂಗಸನ್ನು ಒಂದು ಮಾತು ಕೇಳಿದ್ದರೆ ನಿಮಗೆ ಇನ್ನೂ ಒಳ್ಳೆಯ ಕಥೆ ಸಿಗ್ತಿತ್ತು."

ಕೆಲವರು ನೆಲ ನೋಡಿದರು. ವಕೀಲರ ಮುಖ ಕಪ್ಪಿಟ್ಟಿತ್ತು.

"ಡೊಂಬಯ್ಯ," ಎಂದರು, "ಆ ಮೂರು ಪುಸ್ತಕ ಹಿಂದೆ ತಗೊ. ಅವರ ಮನೆಯ ಕಾರ್ಡನ್ನೂ ತಗೊ. ಇನ್ನು ಆ ಮನೆಗೆ ಪುಸ್ತಕ ಕೊಡುದು ಬೇಡ."

ತಿರುಮಲೇಶ್ವರ ಕಾರ್ಡು ತೆಗೆದು ಕೊಟ್ಟ. ಶಂಕರಿ ಮಾಯಾಲೋಕದ ಕಾದಂಬರಿಯನ್ನು ಕೊನೆಗೆ ಇಟ್ಟಳು. ಇಟ್ಟ ಮೇಲೆಯೂ ಅದರ ರಟ್ಟನ್ನು ಒಮ್ಮೆ ಸವರಿದಳು. ಹೊರಗೆ ಬಂದಾಗ ಬಟ್ಟೆ ಅಂಗಡಿಯ ಅಬ್ಬಾಸ್ ಬ್ಯಾರಿ ಹಿಂದಿನಿಂದ ಓಡಿ ಬಂದರು. ಬೆಂಚಿನಲ್ಲಿ ಕುಳಿತು ಎಲ್ಲ ಕೇಳಿದವರು. "ನನ್ನ ಕಾರ್ಡಿನಲ್ಲಿ ತೆಗೊಳ್ಳಿ ಅಕ್ಕ. ನಾನು ಪೇಪರು ಬಿಟ್ಟರೆ ಬೇರೆ ಓದುದಿಲ್ಲ."

"ನೀವು ಕೇಳಿದ್ದು ದೊಡ್ಡದು," ಎಂದಳು ಶಂಕರಿ. "ಆದರೆ ಇನ್ನೊಬ್ಬರ ಹೆಸರಿನಲ್ಲಿ ಓದಿ ನನಗೆ ಸಾಕಾಗಿದೆ."

ತಮ್ಮ ಬಸ್ಸಿನಿಂದ ಇಳಿಯುವಾಗ, "ಬಾಳೆಹಣ್ಣಿನ ವಿಷಯ ನನಗೆ ಯಾಕೆ ಹೇಳಿರಲಿಲ್ಲ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವಳ ಚೀಲ ತಾನೇ ಹೊತ್ತುಕೊಂಡು ಮುಂದೆ ನಡೆದ.

ಮುಂದಿನ ಭಾನುವಾರ ಶಂಕರಿ ವಾಚನಾಲಯದ ಬಾಗಿಲು ತೆರೆಯುವ ಮೊದಲೇ ಜಗಲಿಯಲ್ಲಿದ್ದಳು. ಡೊಂಬಯ್ಯ ಗಾಬರಿಯಾದ. "ಪುಸ್ತಕ ಕೊಡಬಾರದು ಎಂದಿದ್ದಾರಲ್ಲ ಅಮ್ಮ."

"ಮನೆಗೆ ಕೊಡಬಾರದು ಎಂದದ್ದು. ಇಲ್ಲಿ ಕೂತು ಓದಬಾರದೆಂದು ಎಲ್ಲಿ ಬರೆದುಂಟು?"

ಎಲ್ಲಿಯೂ ಬರೆದಿರಲಿಲ್ಲ. ಹೆಂಗಸೊಬ್ಬಳು ಬಂದು ಕೂರಬಹುದೆಂದು ನಿಯಮ ಮಾಡಿದವರಿಗೆ ಹೊಳೆದೇ ಇರಲಿಲ್ಲ. ಶಂಕರಿ ಮೇಜಿನ ನಡುವಿನ ಕುರ್ಚಿಯಲ್ಲಿ ಕುಳಿತು ವಕೀಲರ ಸಂಕಲನದ ಎರಡನೆಯ ಕಥೆ ತೆಗೆದಳು. ಮನೆಯಲ್ಲಿ ಒಮ್ಮೆ ಓದಿದ್ದೇ ಆದರೂ, ಓದು ಎಂದಿನಂತೆ ಗಟ್ಟಿಯಾಗಿ. "ಅಯ್ಯೋ, ಇದು ಪರವಾಗಿಲ್ಲ!" ಎಂದಳು ಒಮ್ಮೆ. ಇನ್ನೊಮ್ಮೆ, "ಥೂ, ಈ ಮುದುಕನಿಗೆ ಇಷ್ಟು ಉಪಚಾರ ಯಾಕೆ?" ಎಂದಳು. ಪೇಪರು ಓದಲು ಬಂದವರು ಪೇಪರು ಮಡಚಿದರು. ಅದರ ಮುಂದಿನ ವಾರ ಬೆಂಚುಗಳನ್ನು ಮೇಜಿನ ಹತ್ತಿರ ಎಳೆದರು. ಆಮೇಲಿನ ವಾರ ವೆಂಕಪ್ಪ ಗೌಡರು ಐವರ್ನಾಡಿನಿಂದ ಬೇಗ ಹೊರಟು ಬಂದು, "ಎಷ್ಟನೆಯ ಕಥೆಗೆ ಮುಟ್ಟಿತು ಮಾರಾಯ್ರೆ?" ಎಂದು ಬಾಗಿಲಿನಿಂದಲೇ ಕೇಳಿದರು. ವಕೀಲರ ಪುಸ್ತಕವನ್ನು ಊರು ಓದಲು ಶುರು ಮಾಡಿದ್ದು ಹೀಗೆ.

ಸುದ್ದಿ ಕೋರ್ಟಿನ ತನಕ ಹೋಯಿತು. ನಾಲ್ಕನೆಯ ಕಥೆ ಮುಗಿದ ದಿನ ರಾಧಾಕೃಷ್ಣಯ್ಯ ಸ್ವತಃ ಬಂದರು. ಬೆಂಚಿನವರು ಎದ್ದು ನಿಂತರು. ಶಂಕರಿ ಏಳಲಿಲ್ಲ. ವಕೀಲರು ಕೋಟಿನ ಕಿಸೆಯಿಂದ ಒಂದು ಹೊಸ ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟರು.

"ನಿಮ್ಮ ಹೆಸರಿಗೇ ಮಾಡಿಸಿದ್ದೇನೆ," ಎಂದರು ತಗ್ಗಿದ ಸ್ವರದಲ್ಲಿ. "ಪುಸ್ತಕ ಮನೆಗೆ ತೆಗೊಂಡು ಹೋಗಿ, ಆರಾಮದಲ್ಲಿ ಓದಿ ಮಾರಾಯ್ರೆ."

ಶಂಕರಿ ಕಾರ್ಡನ್ನು ಎತ್ತಿ ನೋಡಿದಳು. ಅವಳದೇ ಹೆಸರು. ಯಾರ ಮಗಳು, ಯಾರ ಹೆಂಡತಿ, ಯಾರ ಅಕ್ಕ ಎಂದೇನೂ ಇಲ್ಲ. ಕಣ್ಣು ತುಂಬಿ ಬಂತು. ಅದು ವಕೀಲರಿಗೆ ಕಾಣಬಾರದೆಂದು, ಕಾರ್ಡನ್ನು ಸೆರಗಿಗೆ ಗಂಟು ಹಾಕುವ ನೆಪದಲ್ಲಿ ತಲೆ ತಗ್ಗಿಸಿದಳು. ಆಮೇಲೆ ಪುಟ ತಿರುವಿದಳು.

"ಬೇರೆಯವರ ಪುಸ್ತಕ ಮನೆಗೆ ತೆಗೊಂಡು ಹೋಗ್ತೇನೆ," ಎಂದಳು. "ನಿಮ್ಮದನ್ನು ಇಲ್ಲಿಯೇ ಓದುದು. ಕೂತುಕೊಳ್ಳಿ ವಕೀಲರೇ, ಐದನೆಯ ಕಥೆಯಲ್ಲಿಯೂ ಒಬ್ಬಳು ಹೆಂಗಸು ಇದ್ದಾಳೆ."