ರುದ್ರಾಣಿಯ ಮೊದಲ ಮಾಡ್

ಬಿಳಿಗೆರೆಯ ರುದ್ರಾಣಿ ಗೇಮುಗಳನ್ನು ಬೇಕಾದಂತೆ ಬದಲಿಸುವ ಮಾಡ್ ಬರೆಯಲು ಆಗತಾನೇ ಕಲಿಯುತ್ತಿದ್ದಳು. ಮಂಡಿನೋವಿನ ಮಾವ ಬಸವಣ್ಣನವರು ಆಡುತ್ತಿದ್ದ ಬೇಸಾಯದ ಗೇಮಿನಲ್ಲಿ ಟ್ರ್ಯಾಕ್ಟರ್ ಬದಲು ಎತ್ತು ಬರಲೆಂದು ಮಾಡ್ ಬರೆದು, ಅವರು ಆಡಿಟ್ಟಿದ್ದ ಆಟದ ಪ್ರತಿ ಇಟ್ಟುಕೊಳ್ಳದೆಯೇ ಹಾಕಿಬಿಟ್ಟಳು. ಮಾವ ತಿಂಗಳುಗಟ್ಟಲೆ ಬೆಳೆಸಿದ್ದ ಹೊಲ, ಕೊಟ್ಟಿಗೆ ಎಲ್ಲವೂ ಅಳಿಸಿಹೋಯಿತು.

"ನಾನೇ ಏನೋ ಒತ್ಬುಟ್ಟೆ ಕಣವ್ವ" ಎಂದರು ಮಾವ.

"ಇರ್ಬೋದು ಮಾವ" ಎಂದುಬಿಟ್ಟಳು ರುದ್ರಾಣಿ.

ಸಂಜೆ ಆಡಲು ಕರೆದರೆ, "ಬ್ಯಾಡ, ಮತ್ತೆ ಕೆಡಿಸ್ಬುಟ್ಟೇನು" ಎಂದು ಕೈ ಹಿಂದೆಳೆದುಕೊಂಡರು. ಅವಳಿಗೆ ನಾಚಿಕೆಯಾಯಿತು.

"ಕೆಡಿಸಿದ್ದು ನಾನು ಮಾವ. ಆಗ್ಲೇ ಹೇಳ್ಬೇಕಿತ್ತು."

ಬಸವಣ್ಣನವರು ಪರದೆಯತ್ತ ನೋಡಿ, "ಎತ್ತಾದ್ರೂ ಬಂದ್ವಾ?" ಎಂದು ಕೇಳಿದರು.

"ಇಲ್ಲ ಮಾವ."

"ಮತ್ತೆ ಬರಿ. ಜೊತೇಲಿ ಕೂತ್ಕತೀನಿ."

ರುದ್ರಾಣಿ ಕುರ್ಚಿ ಎಳೆದುಕೊಟ್ಟಳು. ಅವರ ಮುಖ ನೋಡಲು ಮಾತ್ರ ಅವಳಿಂದ ಆಗಲಿಲ್ಲ.